ಹಳೆಯ ಲಕೋಟೆಯೂ ಮನೆಯ ಆಸ್ತಿಯೇ

ಅಂಚೆ ಚೀಟಿಗಳ ಸಂಗ್ರಹ ಒಂದು ಉತ್ತಮ ಹವ್ಯಾಸವೆಂದು ನಾವು ಉಪಾಧ್ಯಾಯರು ತರಗತಿಯಲ್ಲಿ ಹೇಳುತ್ತಲೇ ಬಂದಿದ್ದೇವೆ. ಆ ವಿಷಯದ ಮೇಲೆ ಪ್ರಬಂಧ ಬರೆಸುತ್ತೇವೆ, ಒಳ್ಳೆಯ ಅಂಕವನ್ನೂ ಕೊಡುತ್ತೇವೆ. ಆದರೆ ನಮ್ಮಂಥ ಗಡಿಯ ಊರಿನವರಿಗೆ ಚೀಟಿಗಿಂತ ಅದನ್ನು ಹೊತ್ತು ಬಂದ ಲಕೋಟೆ ದೊಡ್ಡದು, ಲಕೋಟೆಗಿಂತ ಅದರೊಳಗಿನ ಕಾಗದ ದೊಡ್ಡದು ಎಂಬುದು ನನ್ನ ಅಭಿಪ್ರಾಯ. ಈ ಮಾತನ್ನು ನಾನು ಪುಸ್ತಕ ಓದಿ ಕಲಿತದ್ದಲ್ಲ, ತಪ್ಪು ಮಾಡಿ ಕಲಿತದ್ದು. ಆದುದರಿಂದ ಮೊದಲು ಆ ತಪ್ಪನ್ನೇ ಹೇಳುತ್ತೇನೆ.

ನನಗಾಗ ಹತ್ತು ವರ್ಷ. ನಮ್ಮ ಅಜ್ಜನ ಟ್ರಂಕಿನಲ್ಲಿ ದಾರದಿಂದ ಕಟ್ಟಿದ ಕಾಗದಗಳ ಕಟ್ಟೊಂದಿತ್ತು. ಅವುಗಳಲ್ಲಿ ಬಹಳಷ್ಟು ಅವರ ಅಕ್ಕ ಬರೆದವು. ಆಕೆಯನ್ನು ರಾಯಚೂರಿನ ಕಡೆಗೆ ಕೊಟ್ಟಿದ್ದರು. ಒಂದು ಬೇಸಿಗೆಯ ಮಧ್ಯಾಹ್ನ, ಮನೆಯವರೆಲ್ಲ ಮಲಗಿದ್ದಾಗ, ನಾನು ಲಕೋಟೆಗಳ ಮೂಲೆಗಳನ್ನು ಕತ್ತರಿಸಿ ಬೋಗುಣಿಯ ನೀರಿನಲ್ಲಿ ನೆನೆಹಾಕಿ ಚೀಟಿಗಳನ್ನು ಬಿಡಿಸಿಕೊಂಡೆ. ಉಳಿದ ಕಾಗದವನ್ನೆಲ್ಲ ಬಚ್ಚಲ ಒಲೆಗೆ ಹಾಕಿದೆ. ಸಂಜೆ ಅಜ್ಜನಿಗೆ ತಿಳಿಯಿತು. ಅವರು ನನ್ನನ್ನು ಹೊಡೆಯಲಿಲ್ಲ, ಬಯ್ಯಲೂ ಇಲ್ಲ. “ಮುದ್ರಿ ಇಟ್ಕೊಂಡಿ, ಮಾತು ಸುಟ್ಟಿಯಲ್ಲೋ ತಮ್ಮಾ” ಎಂದಷ್ಟೇ ಹೇಳಿ ಕಟ್ಟೆಯ ಮೇಲೆ ಹೋಗಿ ಕುಳಿತರು. ಅಕ್ಕ ತೀರಿಹೋಗಿ ಆಗಲೇ ಬಹಳ ವರ್ಷಗಳಾಗಿದ್ದವು. ಆಕೆಯ ಕೈಬರಹ ಬೇರೆಲ್ಲೂ ಇರಲಿಲ್ಲ.

ಆ ಚೀಟಿಗಳು ಇಂದಿಗೂ ನನ್ನಲ್ಲಿವೆ. ಒಂದೊಂದರ ಮೇಲೂ ಅಂಚೆಯ ಮುದ್ರೆಯ ಕಾಲು ಭಾಗ ಮಾತ್ರ ಉಳಿದಿದೆ. ಯಾವ ಊರು, ಯಾವ ದಿನ ಎಂದು ಓದಲಾಗುವುದಿಲ್ಲ. ಆಮೇಲೆ ಅವುಗಳ ಇತಿಹಾಸವನ್ನು ತಿಳಿದುಕೊಳ್ಳುತ್ತ ಹೋದಂತೆಲ್ಲ ನಾನು ಸುಟ್ಟದ್ದು ಏನೆಂಬುದು ನನಗೆ ತಿಳಿಯುತ್ತ ಹೋಯಿತು.

‘ಅಂಚೆ’ ಎಂಬ ಮಾತು ನಮಗೆ ಮೈಸೂರಿನ ಕಡೆಯಿಂದ ಬಂದದ್ದು. ಹದಿನೇಳನೆಯ ಶತಮಾನದಲ್ಲಿ ಚಿಕ್ಕದೇವರಾಜ ಒಡೆಯರ ಕಾಲದಲ್ಲಿ ಮೈಸೂರಿನ ಅಂಚೆ ವ್ಯವಸ್ಥೆ ಬೆಳೆಯಿತು. 1889ರಲ್ಲಿ ಅದು ಬ್ರಿಟಿಷ್ ಇಂಡಿಯಾದ ಅಂಚೆಯಲ್ಲಿ ಸೇರಿಹೋಯಿತು. ಅಷ್ಟು ಹಳೆಯ ಅಂಚೆಯಾದರೂ ಮೈಸೂರು ತನ್ನದೇ ಆದ ಚೀಟಿಯನ್ನು ಹೊರಡಿಸಲಿಲ್ಲ. ನಮ್ಮ ಕಡೆಯ ಹಿರಿಯರು ಅಂಚೆ ಎನ್ನುವುದಿಲ್ಲ, ಟಪಾಲು ಎನ್ನುತ್ತಾರೆ. ಧನ್ವಾಡ, ನಾರಾಯಣಪೇಟೆ, ಮಕ್ತಲ್, ಗದ್ವಾಲಗಳೆಲ್ಲ ಹೈದರಾಬಾದು ಸಂಸ್ಥಾನದಲ್ಲಿದ್ದವು. ಆ ಸಂಸ್ಥಾನಕ್ಕೆ ತನ್ನದೇ ಟಪಾಲೂ ಇತ್ತು, ತನ್ನದೇ ಚೀಟಿಯೂ ಇತ್ತು. ಜಗತ್ತಿನ ಮೊದಲ ಅಂಟಿಸುವ ಅಂಚೆ ಚೀಟಿ 1840ರಲ್ಲಿ ಬ್ರಿಟನ್ನಿನಲ್ಲಿ ಬಂದಿತು. ಹೈದರಾಬಾದಿನ ಮೊದಲ ಚೀಟಿ 1869ರಲ್ಲಿ ಬಂದಿತು. ನಡುವೆ ಇಪ್ಪತ್ತೊಂಬತ್ತೇ ವರ್ಷ!

1931ರಲ್ಲಿ ನಿಜಾಮರ ಸರಕಾರ ಹೊರಡಿಸಿದ ಚಿತ್ರಗಳ ಚೀಟಿಗಳು ಬಹಳ ಸುಂದರವಾದವು. ಒಂದು ಆಣೆಯದರ ಮೇಲೆ ಚಾರಮಿನಾರ, ಎರಡು ಆಣೆಯದರ ಮೇಲೆ ಹೈಕೋರ್ಟು, ನಾಲ್ಕು ಆಣೆಯದರ ಮೇಲೆ ಉಸ್ಮಾನ ಸಾಗರ, ಎಂಟು ಆಣೆಯದರ ಮೇಲೆ ಅಜಂತಾ. ಹನ್ನೆರಡು ಆಣೆಯ ಚೀಟಿಯ ಮೇಲೆ ನಮ್ಮ ಬೀದರಿನ ಮಹಮೂದ್ ಗಾವಾನನ ಮದರಸಾ! ಅದೇ ಕಾಲದ ಬ್ರಿಟನ್ನಿನ ಚೀಟಿಗಳ ಮೇಲೆ ದೇಶದ ಹೆಸರೇ ಇರಲಿಲ್ಲ, ಈಗಲೂ ಇಲ್ಲ. ರಾಜನ ಮುಖವಿದ್ದರೆ ಸಾಕು, ದೇಶದ ಹೆಸರು ಬೇಕಿಲ್ಲ ಎಂಬುದು ಅಲ್ಲಿಯ ಪದ್ಧತಿ. ಹೈದರಾಬಾದಿನ ಈ ಚೀಟಿಗಳ ಮೇಲಾದರೋ ನಿಜಾಮರ ಮುಖವಿಲ್ಲ, ಅವರ ರಾಜ್ಯದ ಕಟ್ಟಡಗಳಿವೆ.

ಆದರೆ ಈ ಚೀಟಿಗೆ ಒಂದು ಮಿತಿಯಿತ್ತು. ಅದು ಸಂಸ್ಥಾನದ ಒಳಗೆ ಮಾತ್ರ ನಡೆಯುತ್ತಿತ್ತು. ರಾಯಚೂರು, ಕಲಬುರ್ಗಿ, ಬೀದರಗಳು ಇದೇ ಸಂಸ್ಥಾನದಲ್ಲಿದ್ದುದರಿಂದ ಧನ್ವಾಡದ ಅಣ್ಣ ರಾಯಚೂರಿನ ತಂಗಿಗೆ ನಿಜಾಮರ ಚೀಟಿ ಅಂಟಿಸಿ ಕಾಗದ ಬರೆಯಬಹುದಿತ್ತು. ಅದೇ ಅಣ್ಣನಿಗೆ ಬಳ್ಳಾರಿಯಲ್ಲಿ ಇನ್ನೊಬ್ಬ ತಂಗಿಯಿದ್ದರೆ ಆ ಚೀಟಿ ನಡೆಯುತ್ತಿರಲಿಲ್ಲ. ಬಳ್ಳಾರಿ ಮದರಾಸು ಪ್ರಾಂತದಲ್ಲಿತ್ತು. ವಿಜಾಪುರ, ಧಾರವಾಡಗಳು ಮುಂಬಯಿ ಪ್ರಾಂತದಲ್ಲಿದ್ದವು. ಅಲ್ಲಿಗೆ ಬ್ರಿಟಿಷ್ ಇಂಡಿಯಾದ ಚೀಟಿಯೇ ಬೇಕು. ನಾಣ್ಯವೂ ಬೇರೆ. ನಮ್ಮಲ್ಲಿ ಹಾಲಿ ಸಿಕ್ಕಾ, ಅಲ್ಲಿ ಕಲ್ದಾರ ರೂಪಾಯಿ. ಏಳು ಹಾಲಿ ರೂಪಾಯಿಗೆ ಆರು ಕಲ್ದಾರ. ಭಾಷೆ ಒಂದೇ, ಒಂದೇ ತಾಯಿಯ ಮಕ್ಕಳು, ಆದರೂ ಇಬ್ಬರು ತಂಗಿಯರಿಗೆ ಎರಡು ಸರಕಾರಗಳ ಚೀಟಿ!

1945ರಲ್ಲಿ ಎರಡನೆಯ ಮಹಾಯುದ್ಧ ಮುಗಿಯಿತು. ಗೆದ್ದವರೆಲ್ಲ ತಮ್ಮ ಸಂತೋಷವನ್ನು ಚೀಟಿಯ ಮೇಲೆ ಅಚ್ಚು ಮಾಡಿಸಿದರು. ಬ್ರಿಟನ್ 1946ರ ಜೂನಿನಲ್ಲಿ ಎರಡು ಚೀಟಿಗಳನ್ನು ಹೊರಡಿಸಿತು. ಒಂದರಲ್ಲಿ ಹೊಲ, ಹಡಗು, ಮನೆ, ಕಾರ್ಖಾನೆ. ಇನ್ನೊಂದರಲ್ಲಿ ಪಾರಿವಾಳ ಮತ್ತು ಗಾರೆ ಕೆಲಸದ ಕರಣೆ. ಬಾಂಬಿಗೆ ಬಿದ್ದ ಮನೆಗಳನ್ನು ಮತ್ತೆ ಕಟ್ಟಬೇಕೆಂಬುದು ಅದರ ಅರ್ಥ. ಅದಕ್ಕೂ ಮೊದಲೇ, ಆ ವರ್ಷದ ಜನವರಿಯಲ್ಲಿ, ಬ್ರಿಟಿಷ್ ಇಂಡಿಯಾದಲ್ಲಿ ದೊರೆ ಆರನೆಯ ಜಾರ್ಜರ ಮುಖವುಳ್ಳ ವಿಜಯದ ಚೀಟಿಗಳು ಬಂದಿದ್ದವು. ಹೈದರಾಬಾದು ಕೂಡ ಒಂದು ಆಣೆಯ ವಿಜಯದ ಚೀಟಿ ತಂದಿತು. ಅದರ ಚಿತ್ರ ಮನೆಗೆ ಮರಳುತ್ತಿರುವ ಒಬ್ಬ ಸಿಪಾಯಿಯದು. ಈ ಮೂರರಲ್ಲಿ ನನಗೆ ಹೆಚ್ಚು ಹಿಡಿಸಿದ್ದು ಈ ಸಿಪಾಯಿಯೇ. ಯುದ್ಧಕ್ಕೆ ಹೋದವನ ತಾಯಿಗೆ ಗೆಲುವೆಂದರೆ ಮಗ ಬಾಗಿಲಿಗೆ ಬಂದು ನಿಲ್ಲುವುದಲ್ಲದೆ ಮತ್ತೇನು?

1947ರ ಆಗಸ್ಟ್ 15ರಂದು ದೇಶ ಸ್ವತಂತ್ರವಾಯಿತು. ನವೆಂಬರ್ 21ರಂದು ಸ್ವತಂತ್ರ ಭಾರತದ ಮೊದಲ ಅಂಚೆ ಚೀಟಿ ಹೊರಬಂದಿತು. ಅದರ ಬೆಲೆ ಮೂರೂವರೆ ಆಣೆ. ಅದರ ಮೇಲೆ ತ್ರಿವರ್ಣ ಧ್ವಜ ಮತ್ತು ‘ಜೈ ಹಿಂದ್’ ಎಂಬ ಅಕ್ಷರಗಳು. ಆದರೆ ನಮ್ಮ ಊರಿನ ಟಪಾಲಿನಲ್ಲಿ ಆಗಲೂ ನಿಜಾಮರ ಚೀಟಿಯೇ ಇತ್ತು. 1948ರ ಆಗಸ್ಟ್ 15ರಂದು ಗಾಂಧೀಜಿಯವರ ನಾಲ್ಕು ಚೀಟಿಗಳು ಬಂದವು. ಸ್ವಿಟ್ಜರ್ಲೆಂಡಿನಲ್ಲಿ ಅಚ್ಚಾದವು ಅವು. ಅದೂ ನಮ್ಮ ಸಂಸ್ಥಾನದ ಚೀಟಿಯಲ್ಲ. ಮರುತಿಂಗಳು, ಸೆಪ್ಟೆಂಬರಿನಲ್ಲಿ, ಭಾರತದ ಸೈನ್ಯದ ಕಾರ್ಯಾಚರಣೆಯಿಂದ ಹೈದರಾಬಾದು ಭಾರತದಲ್ಲಿ ಸೇರಿತು. ಆದರೂ ಸಂಸ್ಥಾನದ ಟಪಾಲು ಭಾರತದ ಅಂಚೆಯಲ್ಲಿ ಒಂದಾದದ್ದು 1950ರ ಏಪ್ರಿಲ್ 1ರಂದು. ಆ ದಿನದಿಂದ ಧನ್ವಾಡದ ಅಣ್ಣ ರಾಯಚೂರಿಗೂ ಬಳ್ಳಾರಿಗೂ ಒಂದೇ ಚೀಟಿ ಅಂಟಿಸಿದ. ಆಗ ಚಾಲ್ತಿಯಲ್ಲಿದ್ದ ಭಾರತದ ಹೊಸ ಚೀಟಿಗಳಲ್ಲಿ ಆರು ಆಣೆಯದರ ಮೇಲೆ ವಿಜಾಪುರದ ಗೋಳಗುಮ್ಮಟವಿತ್ತು.

ಇನ್ನು ಆರು ವರ್ಷಗಳಲ್ಲಿ ಮತ್ತೊಂದು ಬದಲಾವಣೆ ಬಂದಿತು. 1956ರ ನವೆಂಬರ್ 1ರಂದು ರಾಜ್ಯಗಳು ಮರುವಿಂಗಡಣೆಯಾದವು. ರಾಯಚೂರು ಮೈಸೂರು ರಾಜ್ಯಕ್ಕೆ ಹೋಯಿತು, ನಾವು ಆಂಧ್ರಪ್ರದೇಶದಲ್ಲಿ ಉಳಿದೆವು. ಅದುವರೆಗೆ ರಾಯಚೂರು ಜಿಲ್ಲೆಯ ತಾಲೂಕಾಗಿದ್ದ ಗದ್ವಾಲ ಮಹಬೂಬನಗರ ಜಿಲ್ಲೆಗೆ ಸೇರಿತು. ವಿಚಿತ್ರವನ್ನು ನೋಡಿರಿ. 1950ಕ್ಕಿಂತ ಮೊದಲು ರಾಯಚೂರಿಗೂ ನಮಗೂ ನಡುವೆ ಗಡಿಯಿರಲಿಲ್ಲ, ಆದರೆ ಚೀಟಿಗೆ ಗಡಿಯಿತ್ತು. 1956ರ ನಂತರ ರಾಯಚೂರಿಗೂ ನಮಗೂ ನಡುವೆ ಗಡಿ ಬಂದಿತು, ಆದರೆ ಚೀಟಿಗೆ ಗಡಿಯಿರಲಿಲ್ಲ. ರಾಜ್ಯ ಎರಡಾದರೂ ಅಕ್ಕನ ಕಾಗದ ತಮ್ಮನಿಗೆ ತಪ್ಪದೆ ಬಂದಿತು. ನಮ್ಮ ಭಾಗದ ಕನ್ನಡ ಉಳಿದದ್ದಕ್ಕೆ ಶಾಲೆಗಳು ಒಂದು ಕಾರಣ. ಈ ಕಾಗದಗಳೂ ಒಂದು ಕಾರಣವೆಂದು ನಾನು ನಂಬುತ್ತೇನೆ.

ನಾನು ಸುಟ್ಟ ಕಟ್ಟಿನಿಂದ ಒಂದೇ ಒಂದು ಕಾರ್ಡು ತಪ್ಪಿಸಿಕೊಂಡಿತ್ತು. ಅಜ್ಜ ಅದನ್ನು ಹಳೆಯ ಪಂಚಾಂಗದೊಳಗೆ ಇಟ್ಟಿದ್ದರು. ಗಡಿ ಬಂದ ಮರುವರ್ಷ ಅಕ್ಕ ಬರೆದದ್ದು ಅದು. ಮಳೆ, ಜೋಳ, ಒಂದು ಎಮ್ಮೆಯ ಸಮಾಚಾರವೆಲ್ಲ ಆದ ಮೇಲೆ, ಊರಿನವರು ನಾವು ಬೇರೆ ರಾಜ್ಯವಾದೆವು ಎನ್ನುತ್ತಿದ್ದಾರೆ, ಪಂಚಮಿಗೆ ಕರೆಯಲು ಬರುವುದನ್ನು ಮರೆಯಬೇಡ ಎಂದು ಬರೆದಿದ್ದಾಳೆ. ಆ ಒಂದು ಮಾತಿನಲ್ಲಿರುವುದು ಯಾವ ಗೆಜೆಟ್ಟಿನಲ್ಲೂ ಇಲ್ಲ. ಅಂಥವು ಎಷ್ಟಿದ್ದವೋ, ಒಲೆಗೆ ಹೋದವು.

ಅಂಚೆ ಚೀಟಿ ಸರಕಾರದ ಮಾತು. ಯಾರ ಚಿತ್ರ ಬರಬೇಕು ಎಂಬುದನ್ನು ಸರಕಾರ ನಿರ್ಧರಿಸುತ್ತದೆ. ಅದೂ ಕಾಲಕ್ಕೆ ತಕ್ಕಂತೆ ಬದಲಾಗುತ್ತದೆ. ಬ್ರಿಟನ್ನಿನ ಚೀಟಿಗಳಲ್ಲಿ ರಾಜಮನೆತನದವರನ್ನು ಬಿಟ್ಟು ಬೇರೊಬ್ಬ ಪ್ರಸಿದ್ಧ ವ್ಯಕ್ತಿಯ ಮುಖ ಮೊದಲ ಸಲ ಬಂದದ್ದು 1964ರ ಏಪ್ರಿಲಿನಲ್ಲಿ. ಆತ ಷೇಕ್ಸ್‌ಪಿಯರ್. ನಮ್ಮ ದೇಶ 1952ರಲ್ಲಿಯೇ ಕಬೀರ, ತುಲಸೀದಾಸ, ಮೀರಾ, ಸೂರದಾಸ, ಗಾಲಿಬ್, ರವೀಂದ್ರರ ಚೀಟಿಗಳನ್ನು ತಂದಿತ್ತು. ಷೇಕ್ಸ್‌ಪಿಯರನಿಗೆ ಆ ಗೌರವ ದೊರೆತ 1964ರಲ್ಲಿಯೇ, ಅವನಿಗಿಂತ ಮೂರು ತಿಂಗಳು ಮೊದಲು, ಜನವರಿಯಲ್ಲಿ, ನಮ್ಮ ಪುರಂದರದಾಸರು ಭಾರತದ ಚೀಟಿಯ ಮೇಲೆ ಬಂದರು. 1967ರಲ್ಲಿ ಬಸವೇಶ್ವರರು ಬಂದರು. ಇದು ನಮಗೆ ಹೆಮ್ಮೆಯ ವಿಷಯವೇ. ಆದರೆ ನಮ್ಮ ಅಜ್ಜಿಯರ, ಅತ್ತೆಯರ ಹೆಸರನ್ನು ಯಾವ ಸರಕಾರವೂ ಚೀಟಿಯ ಮೇಲೆ ಅಚ್ಚು ಮಾಡಿಸುವುದಿಲ್ಲ. ಅವರ ಮಾತು ಇರುವುದು ಚೀಟಿಯ ಕೆಳಗೆ, ಲಕೋಟೆಯ ಒಳಗೆ. ಅದನ್ನು ಕಾಯಬೇಕಾದವರು ನಾವೇ.

“ಈಗ ಎಲ್ಲರ ಕೈಯಲ್ಲೂ ಫೋನಿದೆ, ಈ ಹಳೆಯ ಕಾಗದಗಳಿಂದ ಹೊಟ್ಟೆ ತುಂಬುತ್ತದೆಯೇ ಸಾರ್?” ಎಂದು ಕೆಲವು ಪಾಲಕರು ಕೇಳುತ್ತಾರೆ. ಅವರ ಪ್ರಶ್ನೆ ತಪ್ಪಲ್ಲ. ಫೋನು ಬೇಡವೆಂದು ನಾನೂ ಹೇಳುವುದಿಲ್ಲ. ಕಾಲ ಬದಲಾಗಿದೆ. 2013ರ ಜುಲೈಯಲ್ಲಿ ನಮ್ಮ ದೇಶದಲ್ಲಿ ತಂತಿ ಸೇವೆ ನಿಂತುಹೋಯಿತು. 2025ರಲ್ಲಿ ರಿಜಿಸ್ಟರ್ ಅಂಚೆ ಸ್ಪೀಡ್ ಪೋಸ್ಟಿನಲ್ಲಿ ಸೇರಿಹೋಯಿತು. ಆದರೆ ಪಾಲಕರಿಗೆ ನನ್ನದೂ ಒಂದು ಪ್ರಶ್ನೆಯಿದೆ. ಹತ್ತು ವರ್ಷದ ಹಿಂದೆ ಫೋನಿನಲ್ಲಿ ನಿಮ್ಮ ತಾಯಿ ಆಡಿದ ಮಾತು ಈಗ ನಿಮ್ಮಲ್ಲಿ ಉಳಿದಿದೆಯೇ? ಅರುವತ್ತಕ್ಕೂ ಹೆಚ್ಚು ವರ್ಷದ ಹಿಂದಿನ ಕಾರ್ಡು ನನ್ನ ಪಂಚಾಂಗದಲ್ಲಿ ಉಳಿದಿದೆ. ಇನ್ನೂ ಒಂದು ಮಾತು. ಹೊಲದ ಪಹಣಿಯನ್ನು ನಾವು ಎಷ್ಟು ಜೋಪಾನ ಮಾಡುತ್ತೇವೆ! ನೆಲ ನಮ್ಮದೆಂಬುದಕ್ಕೆ ಅದು ಆಧಾರ. ಈ ನೆಲದಲ್ಲಿ ಕನ್ನಡ ನಮ್ಮದೆಂಬುದಕ್ಕೆ ಆಧಾರ ಕೇಳಿದರೆ ಏನು ತೋರಿಸುವಿರಿ? ತೆಲುಗು ನಮಗೆ ನೆರೆಯ ಭಾಷೆಯಲ್ಲ, ಅಂಗಳದ ಭಾಷೆಯೇ. ಅದನ್ನು ಚೆನ್ನಾಗಿ ಕಲಿಯಲೇಬೇಕು. ಆದರೆ ಈ ಅಂಗಳದಲ್ಲಿ ಕನ್ನಡವೂ ಮೊದಲಿನಿಂದ ಇತ್ತೆಂಬುದಕ್ಕೆ ನಮ್ಮ ಹಿರಿಯರು ಬರೆದ ಕಾಗದಗಳಿಗಿಂತ ಗಟ್ಟಿಯಾದ ಸಾಕ್ಷಿ ಇನ್ನೊಂದಿಲ್ಲ.

ಆದುದರಿಂದ ವಿದ್ಯಾರ್ಥಿಗಳೇ, ಈ ರಜೆಯಲ್ಲಿ ನೀವು ಮಾಡಬೇಕಾದ ಕೆಲಸ ಇಷ್ಟು. ಮನೆಯ ಹಿರಿಯರ ಅಪ್ಪಣೆ ಪಡೆದು ಹಳೆಯ ಟ್ರಂಕು, ಅಟ್ಟ, ದೇವರ ಗೂಡುಗಳಲ್ಲಿ ನೋಡಿರಿ. ಕಾಗದ ಸಿಕ್ಕರೆ ಚೀಟಿಯನ್ನು ಬಿಡಿಸಬೇಡಿರಿ. ಲಕೋಟೆಯನ್ನು ಕತ್ತರಿಸಬೇಡಿರಿ. ಹರಿದಿದ್ದರೆ ಅಂಟುಪಟ್ಟಿ ಹಚ್ಚಬೇಡಿರಿ, ಕಾಲಕ್ರಮದಲ್ಲಿ ಅದು ಹಳದಿಯಾಗಿ ಅಕ್ಷರವನ್ನು ತಿನ್ನುತ್ತದೆ. ಗೆದ್ದಲು, ತೇವ ತಾಗದಂತೆ ಡಬ್ಬಿಯಲ್ಲಿ ಇಡಿರಿ. ಯಾರು ಯಾರಿಗೆ ಬರೆದದ್ದೆಂದು ಹಿರಿಯರನ್ನು ಕೇಳಿ ಬೇರೊಂದು ಹಾಳೆಯಲ್ಲಿ ಬರೆದಿಡಿರಿ. ಈ ಕೆಲಸಕ್ಕೆ ತಡಮಾಡಬೇಡಿರಿ, ಹೇಳುವವರು ನಮಗಾಗಿ ಕಾದು ಕುಳಿತಿರುವುದಿಲ್ಲ. ವಿಳಾಸವನ್ನು ಲಕ್ಷ್ಯವಿಟ್ಟು ಓದಿರಿ. ‘ಗದ್ವಾಲ, ಜಿಲ್ಲಾ ರಾಯಚೂರು’ ಎಂದಿದ್ದರೆ ಅದು 1956ಕ್ಕಿಂತ ಮೊದಲಿನದಿರಬೇಕೆಂದು ನೀವೇ ಹೇಳಬಹುದು. ‘ಧನ್ವಾಡ, ಜಿಲ್ಲಾ ಮಹಬೂಬನಗರ’ ಎಂದಿದ್ದರೆ ನಾರಾಯಣಪೇಟೆ ಜಿಲ್ಲೆಯಾದ 2019ಕ್ಕಿಂತ ಮೊದಲಿನದು. ಆರು ಅಂಕಿಗಳ ಪಿನ್ ಕೋಡ್ ಇದ್ದರೆ 1972ರ ಆಗಸ್ಟ್ 15ರ ಈಚಿನದು. ಚರಿತ್ರೆಯ ಪಾಠವನ್ನು ಬಾಯಿಪಾಠ ಮಾಡುವುದಕ್ಕಿಂತ ಇದು ಸಾವಿರ ಪಾಲು ಮೇಲು. ಕಾಗದದಲ್ಲಿ ಮನೆಯ ಗುಟ್ಟಿನ ಮಾತಿದ್ದರೆ ಅದನ್ನು ಶಾಲೆಗೆ ತರುವುದು ಬೇಡ, ಮನೆಯಲ್ಲಿಯೇ ಭದ್ರವಾಗಿರಲಿ.

ಉಳಿಸುವುದರ ಜೊತೆಗೆ ಬರೆಯುವ ಕೆಲಸವೂ ಆಗಬೇಕು. ಅಂಚೆ ಕಚೇರಿ ನಮ್ಮ ಊರಿನಿಂದ ಎದ್ದು ಹೋಗಿಲ್ಲ. ಗಡಿಯ ಆಚೆ ಇರುವ ನಿಮ್ಮ ಸೋದರಮಾವನಿಗೋ ಚಿಕ್ಕಮ್ಮನಿಗೋ ವರ್ಷಕ್ಕೊಂದು ಕಾಗದವನ್ನಾದರೂ ಕನ್ನಡದಲ್ಲಿ, ನಿಮ್ಮ ಕೈಯಾರೆ ಬರೆಯಿರಿ. ಪಿನ್ ಕೋಡನ್ನು ಮಾತ್ರ ಮರೆಯದೆ ಬರೆಯಿರಿ. ಬರೆಯುವಾಗ ಒಂದು ಸಂಗತಿಯನ್ನು ಗಮನಿಸಿರಿ. ನಾರಾಯಣಪೇಟೆಯ ಪಿನ್ ಕೋಡ್ ಐದರಿಂದ ಪ್ರಾರಂಭವಾಗುತ್ತದೆ, ರಾಯಚೂರಿನದೂ ಐದರಿಂದಲೇ. ರಾಜ್ಯಗಳು ಎರಡಾದರೂ ಅಂಚೆಯ ಲೆಕ್ಕದಲ್ಲಿ ನಾವು ಇನ್ನೂ ಒಂದೇ ವಲಯದವರು. ಆ ಕಾರ್ಡು ಬರೆದ ಅಜ್ಜಿಗೆ ಇದು ತಿಳಿದಿದ್ದರೆ ನಕ್ಕುಬಿಡುತ್ತಿದ್ದಳು.