ಕಸ ಹೆಕ್ಕುವ ಬೇಟೆಗಾರರು


ಬೇಟೆಗಾರ ಎಂದೊಡನೆ ಕಾಡಿನ ವೈರಿ ಎಂದುಕೊಳ್ಳುತ್ತೇವೆ. ಬೇಟೆ ನಿಷೇಧಿಸಿದ ಭಾರತದ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ಬೆಳೆದವರಿಗೆ ಅದು ಸಹಜವೇ. ಅಮೆರಿಕದ ಯೂಟಾದಲ್ಲಿ ನಾನು ಕಾಣುತ್ತಿರುವುದು ಸ್ವಲ್ಪ ಬೇರೆ. ಇಲ್ಲಿನ ಸರ್ಕಾರಿ ಬಯಲುಗಳಿಗೆ ಕೆಲವರು ಹಳೇ ಟೀವಿ, ಫ್ರಿಜ್ ಹೊತ್ತು ತಂದು, ಗುಂಡು ಹೊಡೆದು, ಗಾಜಿನ ಚೂರು, ಖಾಲಿ ತೋಟಾಗಳನ್ನು ಅಲ್ಲೇ ಬಿಟ್ಟು ಹೋಗುತ್ತಾರೆ. ಯೂಟಾ ಸರೋವರದ ಪಶ್ಚಿಮದ ಗುಡ್ಡಗಳಲ್ಲಿ ಪ್ರಾಚೀನ ಬಂಡೆ ಕೆತ್ತನೆಗಳಿಗೂ ಏಟು ಬಿದ್ದು, ಕೊನೆಗೆ ಒಂದಷ್ಟು ಜಾಗದಲ್ಲಿ ಗುರಿ ಅಭ್ಯಾಸವನ್ನೇ ನಿಷೇಧಿಸಿದರು.

ಇನ್ನಷ್ಟು ಜಾಗ ಕೈತಪ್ಪೀತೆಂದು ಬೇಟೆಗಾರರು ರಜಾದಿನ ಪಿಕಪ್ ಟ್ರಕ್ಕುಗಳಲ್ಲಿ ಬಂದು ಕಂಡವರ ಕಸ ಬಾಚುತ್ತಾರೆ. (ಟೀವಿಗೆ ಗುಂಡಿಟ್ಟವರಲ್ಲಿ ಅವರ ಪೈಕಿಯವರೂ ಇರಬಹುದು!) ಸ್ವಾರ್ಥವಿದೆ, ಇರಲಿ: ಸ್ವಂತ ಜಮೀನಿಲ್ಲದವನು ಬೇಟೆಗೆ ಇನ್ನೆಲ್ಲಿಗೆ ಹೋದಾನು? 2025ರ ಜೂನ್‌ನಲ್ಲಿ ಇಂಥ ಸರ್ಕಾರಿ ಭೂಮಿಯ ಮಾರಾಟದ ಪ್ರಸ್ತಾವವನ್ನು ಸೆನೆಟರ್ ಮೈಕ್ ಲೀ ಹಿಂಪಡೆದದ್ದಕ್ಕೆ ಬೇಟೆಗಾರರ ವಿರೋಧವೂ ಒಂದು ಕಾರಣ. ಜೊತೆಗೆ, ಅಮೆರಿಕದ 1937ರ ಕಾನೂನಿನಂತೆ ಬಂದೂಕು, ಮದ್ದುಗುಂಡುಗಳ ಮೇಲಿನ ತೆರಿಗೆಯ ಬಹುಪಾಲು ಇಲ್ಲಿನ ವನ್ಯಜೀವಿ ಸಂರಕ್ಷಣೆಗೇ ಹೋಗುತ್ತದೆ.

ಭಾರತದಲ್ಲಿ ಬೇಟೆ ಮತ್ತೆ ಬರಲಿ ಎನ್ನುತ್ತಿಲ್ಲ, ಖಂಡಿತ ಬೇಡ. ಆದರೆ ನಮ್ಮ ಚಾರಣಿಗರು ಬೆಟ್ಟದ ಮೇಲೆ ಬಿಟ್ಟುಬರುವ ಬಾಟಲಿಗಳನ್ನು ಹೆಕ್ಕಬೇಕಾದವರು ಅರಣ್ಯ ಇಲಾಖೆಯ ದಿನಗೂಲಿಗಳು ಮಾತ್ರವೇ?

– ಓರ್ವ ಓದುಗ, ಪ್ರೊವೊ, ಯೂಟಾ