ಎತ್ತರವಿದ್ದರೆ ಸಾಲದು, ಓಡಬೇಕು

ಶಾಲಾ ತಂಡಕ್ಕೆ ಬಾಸ್ಕೆಟ್‌ಬಾಲ್ ಆಟಗಾರರನ್ನು ಆರಿಸುವಾಗ ನಮ್ಮ ಕಣ್ಣು ಮೊದಲು ಬೀಳುವುದು ತರಗತಿಯಲ್ಲಿ ಎಲ್ಲರಿಗಿಂತ ಎತ್ತರ ಬೆಳೆದ ಮಗುವಿನ ಮೇಲೆ. ಅದರಲ್ಲಿ ತಪ್ಪೇನೂ ಇಲ್ಲ, ರಿಂಗ್ ನೆಲದಿಂದ 3.05 ಮೀಟರ್ ಮೇಲಿದೆ. ತಪ್ಪಾಗುವುದು ಆಮೇಲೆ. ಆ ಮಗುವನ್ನು ರಿಂಗಿನ ಕೆಳಗೆ ನಿಲ್ಲಿಸಿ, ಕೈ ಎತ್ತಿಕೊಂಡಿರು, ಬಂದ ಚೆಂಡನ್ನು ಹಿಡಿ, ಎನ್ನುತ್ತೇವೆ. ಚೆಂಡು ತಟ್ಟುವುದು, ಓಡುವುದು, ಆಟ ಕಟ್ಟುವುದು ಕುಳ್ಳಗಿರುವವರ ಪಾಲು. ಹದಿಮೂರು ಹದಿನಾಲ್ಕರ ವಯಸ್ಸಿನಲ್ಲಿ ಹೀಗೆ ಕೆಲಸ ಹಂಚಿಬಿಟ್ಟರೆ ಇಪ್ಪತ್ತರ ಹೊತ್ತಿಗೆ ನಮ್ಮ ಕೈಯಲ್ಲಿ ಉಳಿಯುವುದು ನಿಂತಲ್ಲೇ ಆಡುವ ಸೆಂಟರ್ (ರಿಂಗಿನ ಬಳಿ ಆಡುವ ಎತ್ತರದ ಆಟಗಾರ). ಇಂದಿನ ಬಾಸ್ಕೆಟ್‌ಬಾಲ್‌ನಲ್ಲಿ ಎತ್ತರದ ಆಟಗಾರನ ಬೆಲೆ ನಿರ್ಧಾರವಾಗುವುದು ಕೋರ್ಟಿನ ಈ ತುದಿಯಿಂದ ಆ ತುದಿಗೆ ಅವನು ಎಷ್ಟು ಬೇಗ, ಎಷ್ಟು ಸಲ ತಲುಪಬಲ್ಲ ಎಂಬುದರಿಂದ. ನಮ್ಮ ತರಬೇತಿ ಇದನ್ನು ಇನ್ನೂ ಮನಸ್ಸಿಗೆ ತಂದುಕೊಂಡಿಲ್ಲ.

ಸಾಕ್ಷ್ಯಕ್ಕಾಗಿ ದೂರ ಹೋಗಬೇಕಿಲ್ಲ. 2019ರ ಸೆಪ್ಟೆಂಬರ್‌ನಲ್ಲಿ ಬೆಂಗಳೂರಿನ ಶ್ರೀ ಕಂಠೀರವ ಒಳಾಂಗಣ ಕ್ರೀಡಾಂಗಣದಲ್ಲಿ ಮಹಿಳೆಯರ ಏಷ್ಯಾ ಕಪ್ ನಡೆಯಿತು. ಫೈನಲ್‌ನಲ್ಲಿ ಜಪಾನ್, ಎತ್ತರದಲ್ಲಿ ತನಗಿಂತ ಬಹಳ ಮುಂದಿದ್ದ ಚೀನಾವನ್ನು 71–68ರಿಂದ ಸೋಲಿಸಿ ಸತತ ನಾಲ್ಕನೇ ಸಲ ಪ್ರಶಸ್ತಿ ಗೆದ್ದಿತು. ಎರಡು ವರ್ಷಗಳ ನಂತರ ಟೋಕಿಯೊ ಒಲಿಂಪಿಕ್ಸ್‌ನಲ್ಲಿ ಅದೇ ಜಪಾನ್ ಬೆಳ್ಳಿ ಗೆದ್ದಿತು. ಆ ಹೊತ್ತಿಗೆ ಅದರ ಅತಿ ಎತ್ತರದ ತಾರೆ ರಾಮು ತೊಕಾಶಿಕಿ ಗಾಯಗೊಂಡು ಹೊರಗುಳಿದಿದ್ದರು. ಸೆಂಟರ್ ಸ್ಥಾನದಲ್ಲಿ ಆಡಿದ ಮಾಕಿ ತಕಾದಾ ಸುಮಾರು 185 ಸೆಂಟಿಮೀಟರ್, ಫೈನಲ್‌ನಲ್ಲಿ ಎದುರಿದ್ದ ಅಮೆರಿಕದ ಬ್ರಿಟ್ನಿ ಗ್ರೈನರ್ ಎರಡು ಮೀಟರಿಗೂ ಹೆಚ್ಚು. ಚಿನ್ನ ಅಮೆರಿಕಕ್ಕೇ ಹೋಯಿತು, ನಿಜ. ಆದರೆ ಅಲ್ಲಿಯವರೆಗೆ ಜಪಾನನ್ನು ಒಯ್ದದ್ದು ಐವರೂ ಓಡುವ, ಸೆಂಟರ್ ಕೂಡ ಹೊರಗಿನಿಂದ ಮೂರು ಪಾಯಿಂಟ್ ಎಸೆಯುವ ಆಟ. ಇದೇ ಕಂಠೀರವದಲ್ಲಿ 2017ರಲ್ಲಿ ಭಾರತದ ಮಹಿಳೆಯರು ಕಜಕಸ್ತಾನವನ್ನು 75–73ರಿಂದ ಸೋಲಿಸಿ ಏಷ್ಯಾ ಕಪ್‌ನ ಮೇಲಿನ ದರ್ಜೆಗೆ ಏರಿದ್ದರು. 2019ರಲ್ಲಿ ಅದೇ ನೆಲದಲ್ಲಿ ನಾವು ಎಂಟು ತಂಡಗಳಲ್ಲಿ ಕೊನೆಯವರಾದೆವು. ಎತ್ತರದ ಕೊರತೆಯೊಂದನ್ನೇ ಇದಕ್ಕೆ ಕಾರಣ ಮಾಡಿದರೆ ಅದೇ ವಾರ ಜಪಾನ್ ಗೆದ್ದದ್ದು ಹೇಗೆಂದು ಹೇಳಲಾಗದು.

ಓಡುವ ಸೆಂಟರ್ ಏನು ಮಾಡುತ್ತಾನೆ? ಕೋರ್ಟಿನ ಉದ್ದ 28 ಮೀಟರ್. ಚೆಂಡು ಸಿಕ್ಕ ತಂಡ 24 ಸೆಕೆಂಡಿನೊಳಗೆ ಎಸೆಯಬೇಕು, 8 ಸೆಕೆಂಡಿನೊಳಗೆ ಮಧ್ಯರೇಖೆ ದಾಟಬೇಕು. ರಿಂಗಿಗೆ ಬಡಿದು ಮರಳಿದ ಚೆಂಡು, ಅಂದರೆ ರೀಬೌಂಡ್, ತಮ್ಮವರಿಗೆ ಸಿಕ್ಕ ಕ್ಷಣವೇ ಸೆಂಟರ್ ತಲೆಯೆತ್ತಿ ನೇರವಾಗಿ ಎದುರಿನ ರಿಂಗಿನತ್ತ ಓಡಿದರೆ, ಎದುರಾಳಿಗಳಲ್ಲಿ ಒಬ್ಬರಾದರೂ, ಎಷ್ಟೋ ಸಲ ಇಬ್ಬರು, ಅವನ ಹಿಂದೆ ಒಳಗೆ ಓಡಲೇಬೇಕು. ಬಿಟ್ಟರೆ ಸುಲಭದ ಲೇ-ಅಪ್. ಅವರು ಒಳಗೆ ಕುಸಿದ ಕೂಡಲೇ ಹೊರಗೆ, ಮೂರು ಪಾಯಿಂಟ್ ಗೆರೆಯ ಬಳಿ, ಶೂಟರ್‌ಗೆ ಜಾಗ ಬಿಡುವಾಗುತ್ತದೆ. ಪಾಯಿಂಟ್ ಬರೆಯುವುದು ಶೂಟರ್ ಹೆಸರಿನಲ್ಲಿ, ಅಸಿಸ್ಟ್ ಪಾಸ್ ಕೊಟ್ಟ ಗಾರ್ಡ್ ಹೆಸರಿನಲ್ಲಿ. ಜಾಗ ಮಾಡಿಕೊಟ್ಟ ಓಟಕ್ಕೆ ಸ್ಕೋರ್‌ಶೀಟಿನಲ್ಲಿ ಕಾಲಂ ಇಲ್ಲ. ಈ ಓಟವನ್ನು ನಾವು ಕಡೆಗಣಿಸಲು ದೊಡ್ಡ ಕಾರಣ ಇದೇ ಎಂದು ನನ್ನ ನಂಬಿಕೆ. ಹತ್ತು ಸಲ ಓಡಿ ಹತ್ತೂ ಸಲ ಬರಿಗೈಯಲ್ಲಿ ಹಿಂದಿರುಗಿದ ಹುಡುಗ ಹನ್ನೊಂದನೇ ಸಲ ಕುಂಟುನಡಿಗೆಯಲ್ಲಿ ಬಂದರೆ ಅವನನ್ನು ಸೋಮಾರಿ ಎನ್ನುವ ಮೊದಲು, ಅವನಿಗೆ ಒಂದಾದರೂ ಪಾಸ್ ಕೊಟ್ಟಿದ್ದೀರಾ ಎಂದು ಗಾರ್ಡ್‌ಗಳನ್ನು ಕೋಚ್ ಕೇಳಬೇಕು. ಓಡುವ ಸೆಂಟರ್‌ಗೆ ಚೆಂಡು ಕೊಡುವುದು ತಂಡದ ಶಿಸ್ತಿನ ಭಾಗ.

ತಮ್ಮ ರಿಂಗ್ ಕಾಯಲು ಹಿಂದಿರುಗುವ ಓಟದ ಬೆಲೆ ಇನ್ನೂ ಹೆಚ್ಚು. ಇದರ ಅತಿ ಪ್ರಸಿದ್ಧ ನಿದರ್ಶನ 1957ರದ್ದು. ಎನ್‌ಬಿಎ ಫೈನಲ್ ಸರಣಿಯ ಏಳನೇ ಪಂದ್ಯದ ನಿಗದಿತ ಅವಧಿಯ ಕೊನೆಯ ನಿಮಿಷದಲ್ಲಿ ಸೇಂಟ್ ಲೂಯಿಸ್‌ನ ಜ್ಯಾಕ್ ಕೋಲ್‌ಮನ್ ಒಬ್ಬಂಟಿಯಾಗಿ ಲೇ-ಅಪ್‌ಗೆ ನುಗ್ಗಿದ್ದರು. ಕೋರ್ಟಿನ ಇನ್ನೊಂದು ತುದಿಯಲ್ಲಿದ್ದ ಬಾಸ್ಟನ್‌ನ ಸೆಂಟರ್ ಬಿಲ್ ರಸೆಲ್ ಹಿಂದಿನಿಂದ ಓಡಿಬಂದು ಆ ಚೆಂಡನ್ನು ತಡೆದರು. ಬಾಸ್ಟನ್ ಎರಡು ಹೆಚ್ಚುವರಿ ಅವಧಿಗಳ ನಂತರ 125–123ರಿಂದ ಗೆದ್ದಿತು. ರಸೆಲ್ 13 ಋತುಗಳಲ್ಲಿ 11 ಪ್ರಶಸ್ತಿ ಗೆದ್ದವರು. ಕಾಲೇಜಿನಲ್ಲಿ ಅವರು ಎತ್ತರ ಜಿಗಿತಗಾರ, ಟ್ರ್ಯಾಕ್ ಓಟಗಾರ ಕೂಡ ಆಗಿದ್ದರು ಎಂಬುದನ್ನು ನಾವು ಗಮನಿಸಬೇಕು.

ಇದಕ್ಕೆ ಎದುರಾಗಿ, ಸೆಂಟರ್ ನಿಕೋಲಾ ಯೊಕಿಚ್ ಅವರನ್ನು ನೋಡಿ ಎನ್ನುವವರಿದ್ದಾರೆ. ವೇಗದ ಓಟಗಾರನಲ್ಲ, ಎತ್ತರ ಜಿಗಿಯುವವನೂ ಅಲ್ಲ, ಆದರೂ ಮೂರು ಸಲ ಎನ್‌ಬಿಎಯ ಅತ್ಯುತ್ತಮ ಆಟಗಾರ, 2023ರಲ್ಲಿ ಚಾಂಪಿಯನ್. ಈ ಆಕ್ಷೇಪಕ್ಕೆ ತೂಕವಿದೆ. ಆದರೆ ಯೊಕಿಚ್ ರೀಬೌಂಡ್ ಹಿಡಿದ ಕೈಯಿಂದಲೇ ಕೋರ್ಟಿನ ಆ ತುದಿಗೆ ಪಾಸ್ ಎಸೆಯಬಲ್ಲರು. ಕಾಲು ಮಾಡಬೇಕಾದುದನ್ನು ಅವರ ಚೆಂಡು ಮಾಡುತ್ತದೆ. ಅಂಥ ದೃಷ್ಟಿ ಲಕ್ಷದಲ್ಲಿ ಒಬ್ಬರಿಗೆ ಬರುವಂಥದ್ದು, ಅದನ್ನು ನಂಬಿ ತರಬೇತಿ ಯೋಜಿಸಲಾಗದು. ಓಟವನ್ನಾದರೆ ಕಲಿಸಬಹುದು. ಇನ್ನೊಂದು ಆಕ್ಷೇಪ ಮಂಡಿಯದು. ಬೇಗ ಎತ್ತರ ಬೆಳೆಯುವ ಮಕ್ಕಳ ಮಂಡಿ, ಹಿಮ್ಮಡಿ ನೋಯುತ್ತವೆ, ನಮ್ಮ ಬಹುಪಾಲು ಶಾಲೆಗಳ ಕೋರ್ಟ್ ಸಿಮೆಂಟಿನದು. ಇದನ್ನು ನಾನು ಪೂರ್ತಿ ಒಪ್ಪುತ್ತೇನೆ. ಹಾಗೆಂದು ಓಟವನ್ನೇ ಬಿಡಿಸಿದರೆ ಕಾಲಿಗೆ ಬಲ ಬರುವುದಾದರೂ ಎಲ್ಲಿಂದ? ಸಿಮೆಂಟಿನ ಮೇಲೆ ಕಡಿಮೆ, ಮೃದು ನೆಲದ ಮೇಲೆ ಹೆಚ್ಚು, ನೋವಿದ್ದ ದಿನ ವಿಶ್ರಾಂತಿ, ಜೊತೆಗೆ ತೊಡೆ ಸೊಂಟಗಳಿಗೆ ಬಲ ಕೊಡುವ ವ್ಯಾಯಾಮ: ಇಷ್ಟಕ್ಕೆ ದುಬಾರಿ ಸಲಕರಣೆ ಬೇಕಿಲ್ಲ.

ಮೃದು ನೆಲದ ಮಾತು ಬಂದಾಗ ಪುಣೆ ಬಳಿಯ ಭೋಸರಿಯಂಥ ಊರು ನೆನಪಾಗುತ್ತದೆ. ಎಂಐಡಿಸಿ ಕೈಗಾರಿಕಾ ಪ್ರದೇಶದ ಕಾರ್ಖಾನೆಗಳ ಸುತ್ತ ಬೆಳೆದ ಈ ಪಟ್ಟಣದಲ್ಲಿ ಕಲಬುರಗಿ, ವಿಜಯಪುರದ ಕಡೆಯಿಂದ ದುಡಿಯಲು ಬಂದ ಕುಟುಂಬಗಳೂ ಇವೆ. ಇಲ್ಲಿಯ ಮಕ್ಕಳಿಗೆ ಮರದ ನೆಲದ ಒಳಾಂಗಣ ಕೋರ್ಟ್ ಕೈಗೆಟಕದು. ಆದರೆ ಇಂದ್ರಾಯಣಿನಗರದಲ್ಲಿ ನಗರಪಾಲಿಕೆಯ ಸಿಂಥೆಟಿಕ್ ಓಟದ ಟ್ರ್ಯಾಕ್ ಇದೆ. ಎತ್ತರದ ಮಕ್ಕಳನ್ನು ವಾರಕ್ಕೆರಡು ಬೆಳಿಗ್ಗೆ ಅಲ್ಲಿಗೆ ಕಳಿಸಿ, ಅಥ್ಲೆಟಿಕ್ಸ್ ಕೋಚ್ ಕೈಗೆ ಒಪ್ಪಿಸುವುದಕ್ಕೆ ಶಾಲೆಗಳು ಮನಸ್ಸು ಮಾಡಿದರೆ ಸಾಕು. ಜಿಲ್ಲಾ, ರಾಜ್ಯ ಆಯ್ಕೆ ಶಿಬಿರಗಳಲ್ಲೂ ಎತ್ತರ, ತೂಕ ಬರೆದುಕೊಳ್ಳುವ ಹಾಳೆಯಲ್ಲಿ ಇನ್ನೊಂದು ಕಾಲಂ ಸೇರಿಸಬೇಕು: 28 ಮೀಟರ್ ಕೋರ್ಟನ್ನು ಬಿಡುವಿಲ್ಲದೆ ನಾಲ್ಕು ಸಲ ಓಡಲು ಹಿಡಿದ ಸಮಯ. ಶಿಬಿರದ ಮೊದಲ ದಿನ ಒಮ್ಮೆ ಬರೆದುಕೊಂಡು, ಆರು ತಿಂಗಳ ಮೇಲೆ ಅದೇ ಮಗುವನ್ನು ಮತ್ತೆ ಓಡಿಸಿ ಬರೆದುಕೊಳ್ಳಬೇಕು. ಮೊದಲ ದಿನ ನಿಧಾನವಾಗಿ ಓಡಿದ ಎತ್ತರದ ಮಗುವನ್ನು ಅದೊಂದೇ ಕಾರಣಕ್ಕೆ ಮನೆಗೆ ಕಳಿಸಬಾರದು.