ಇಲ್ಲದ ಪದ ಇದ್ದಂತಾಗುವ ಮುನ್ನ

ಕನ್ನಡ ಸಾಹಿತ್ಯ ಸಂಶೋಧನೆಯ ಹೊಸ್ತಿಲಿಗೆ ಒಂದು ಅಪಾಯ ಬಂದು ನಿಂತಿದೆ. ಅದಿನ್ನೂ ಅನಾಹುತವಾಗಿ ಬೆಳೆದಿಲ್ಲ. ಆ ಕಾರಣಕ್ಕೇ ಈಗಲೇ ಹೇಳಬೇಕು. ಯಾವ ಕವಿಯೂ ಕಟ್ಟದ, ಯಾವ ಭಜನೆಯಲ್ಲೂ ಹಾಡದ ಪದವೊಂದು ಪಿಎಚ್.ಡಿ. ಪ್ರಬಂಧದೊಳಗೆ ಉದ್ಧರಣ ಚಿಹ್ನೆಗಳ ನಡುವೆ ಬಂದು ಕೂರುವ ಅಪಾಯ ಇದು. ಕೃತಕ ಬುದ್ಧಿಮತ್ತೆಯ ತಂತ್ರಾಂಶಕ್ಕೆ ಒಬ್ಬ ತತ್ವಪದಕಾರರ ಹೆಸರು ಕೊಟ್ಟು, ಜಾತಿಯನ್ನು ಟೀಕಿಸುವ ಅವರ ಎರಡು ಪದ ಬೇಕು ಎಂದರೆ, ಗೊತ್ತಿಲ್ಲ ಎನ್ನುವ ಬದಲು ಪಲ್ಲವಿ, ನುಡಿ, ಅಂಕಿತ ಎಲ್ಲವನ್ನೂ ಜೋಡಿಸಿ ಅದು ಹೊಸದೊಂದನ್ನೇ ಹೊಸೆದು ಕೊಡಬಲ್ಲದು. ಅವಸರದಲ್ಲಿರುವ ಸಂಶೋಧಕನಿಗೆ ಅನುಮಾನ ಬರಲು ಕಾರಣವೇ ಇರುವುದಿಲ್ಲ. ಅಂಥದ್ದೊಂದು ಪದ ಪ್ರಬಂಧ ಸೇರಿತೆಂದರೆ ಮುಂದೆ ಅದನ್ನು ಹೊರಗೆ ಹಾಕುವವರು ಯಾರು?

ಈ ಪ್ರಶ್ನೆಯನ್ನು ಮೊದಲು ಕೇಳಬೇಕಾದ ಜಾಗ ಕಡಗಂಚಿ. 2009ರ ಕೇಂದ್ರೀಯ ವಿಶ್ವವಿದ್ಯಾಲಯಗಳ ಕಾಯ್ದೆಯಡಿ ಹುಟ್ಟಿದ ಕರ್ನಾಟಕ ಕೇಂದ್ರೀಯ ವಿಶ್ವವಿದ್ಯಾಲಯ ಕಲಬುರಗಿ–ಆಳಂದ ರಸ್ತೆಯ ಈ ಊರಿನಲ್ಲಿ ನೆಲೆಗೊಂಡಿದೆ. ಕನ್ನಡ, ಇಂಗ್ಲಿಷ್, ಜಾನಪದ ಅಧ್ಯಯನಗಳು ಒಂದೇ ಆವರಣದಲ್ಲಿವೆ. ಸುತ್ತಲಿನ ಆಳಂದ, ಅಫಜಲಪುರ, ಜೇವರ್ಗಿ ಸೀಮೆಯೆಲ್ಲ ತತ್ವಪದಗಳ ನೆಲ. ಹಿಂದೆ ಜೇವರ್ಗಿ ತಾಲ್ಲೂಕಿನಲ್ಲಿದ್ದು ಈಗ ಯಡ್ರಾಮಿಗೆ ಸೇರಿರುವ ಕಡಕೋಳದ ಮಡಿವಾಳಪ್ಪ, ಅವರ ಶಿಷ್ಯಬಳಗದ ಚನ್ನೂರ ಜಲಾಲಸಾಬ, ಖೈನೂರ ಕೃಷ್ಣಪ್ಪ, ತೆಲಗಬಾಳ ರೇವಪ್ಪ ಇವರೆಲ್ಲ ಜಾತಿ ಧರ್ಮಗಳ ಗಡಿ ದಾಟಿ ಹಾಡು ಕಟ್ಟಿದವರು. ಇಂಥ ಸಾಹಿತ್ಯದ ಮಗ್ಗುಲಲ್ಲೇ ಇರುವ ವಿಶ್ವವಿದ್ಯಾಲಯಕ್ಕೆ ಬೇರೆಯವರಿಗಿಂತ ಮೊದಲ ಅವಕಾಶವಿದೆ, ಮೊದಲ ಹೊಣೆಯೂ ಇದೆ.

ತತ್ವಪದಕ್ಕೇ ಹೆಚ್ಚಿನ ಅಪಾಯ ಏಕೆ? ಪಂಪನ ಹೆಸರಿನಲ್ಲಿ ಇಲ್ಲದ ಪದ್ಯವನ್ನು ತಂದಿಟ್ಟರೆ ಛಂದಸ್ಸೇ ಅದನ್ನು ಹಿಡಿದುಕೊಡುತ್ತದೆ. ಮುದ್ರಿತ ಆವೃತ್ತಿ ತೆರೆದರೆ ಕ್ಷಣದಲ್ಲಿ ಗೊತ್ತಾಗುತ್ತದೆ. ವಚನಗಳ ಮಟ್ಟಿಗೆ ಫ.ಗು. ಹಳಕಟ್ಟಿಯವರ ಕಾಲದಿಂದ ನಡೆದ ಸಂಗ್ರಹ, ಪರಿಷ್ಕರಣದ ದುಡಿಮೆ ಬೆನ್ನಿಗಿದೆ. 1993ರಲ್ಲಿ ಸಮಗ್ರ ವಚನ ಸಾಹಿತ್ಯ 15 ಸಂಪುಟಗಳಲ್ಲಿ ಬಂದಿದೆ. ಇಷ್ಟಿದ್ದೂ ಪ್ರಕ್ಷಿಪ್ತ ವಚನಗಳ, ಅದಲು ಬದಲಾದ ಅಂಕಿತಗಳ ಚರ್ಚೆ ಮುಗಿದಿಲ್ಲ. ತತ್ವಪದಗಳ ಸಂಗ್ರಹ ಸಂಪುಟಗಳು ಬಂದಿವೆ, ನಿಜ. ಆದರೆ ಅವುಗಳ ದೊಡ್ಡ ಆಸ್ತಿ ಇಂದಿಗೂ ಇರುವುದು ಭಜನಾ ಮೇಳಗಳ ಬಾಯಲ್ಲಿ, ಹಾಡುವವರ ಕೈಬರಹದ ಪುಸ್ತಕಗಳಲ್ಲಿ.

ಅಂಥ ಒಂದು ಭಜನಿ ಪುಸ್ತಕ ತೆರೆದು ನೋಡಬೇಕು. ಸಾಲು ಮುರಿಯದೆ ಒಂದೇ ಸಮ ಬರೆದುಕೊಂಡು ಹೋದ ಹಾಡು. ಮೇಲೆ ಇಂಥ ಹಾಡಿನ ಧಾಟಿ ಎಂಬ ಗುರುತು. ಒತ್ತಕ್ಷರ ಬಿಟ್ಟಿರುತ್ತದೆ, ಮಹಾಪ್ರಾಣ ಅಲ್ಪಪ್ರಾಣವಾಗಿರುತ್ತದೆ. ಒಂದು ನುಡಿಯನ್ನು ಹೊಡೆದು ಹಾಕಿ ಪಕ್ಕದಲ್ಲಿ ಬೇರೆ ಶಾಯಿಯಲ್ಲಿ ಇನ್ನೊಂದನ್ನು ಬರೆದಿರುತ್ತಾರೆ. ಅದೇ ಪದ ಅಮಾವಾಸ್ಯೆಯ ರಾತ್ರಿ ಏಕತಾರಿ, ದಮ್ಮಡಿಗಳ ಜೊತೆ ಎದ್ದಾಗ ಪುಸ್ತಕದಲ್ಲಿ ಇದ್ದ ಹಾಗೆ ಇರುವುದಿಲ್ಲ. ಹಿಮ್ಮೇಳ ಪಲ್ಲವಿ ಎತ್ತಿಕೊಳ್ಳುವ ಹೊತ್ತಿಗೆ ಮುಂದಿನವರು ಒಂದು ನುಡಿ ಬಿಡುತ್ತಾರೆ, ಇಲ್ಲವೇ ಗುರುವಿನಿಂದ ಕೇಳಿದ ಇನ್ನೊಂದನ್ನು ಸೇರಿಸುತ್ತಾರೆ. ಒಂದೂರಿನಲ್ಲಿ ಒಬ್ಬರ ಅಂಕಿತದಲ್ಲಿ ಮುಗಿಯುವ ಪದ ಮತ್ತೊಂದೂರಿನಲ್ಲಿ ಮತ್ತೊಬ್ಬರ ಅಂಕಿತಕ್ಕೆ ಹೋಗಿ ನಿಲ್ಲುತ್ತದೆ.

ಇದನ್ನು ದೋಷವೆಂದು ತಳ್ಳಿಹಾಕುವಂತಿಲ್ಲ. ಅಮೆರಿಕದ ವಿದ್ವಾಂಸ ಮಿಲ್ಮನ್ ಪ್ಯಾರಿ 1930ರ ದಶಕದಲ್ಲಿ ಯುಗೊಸ್ಲಾವಿಯಾದ ಹಳ್ಳಿಗಳಿಗೆ ಹೋಗಿ ವೀರಗೀತೆಗಳ ಗಾಯಕರನ್ನು ಧ್ವನಿಮುದ್ರಿಸಿಕೊಂಡರು. ಆ ಕೆಲಸವನ್ನು ಮುಂದುವರಿಸಿದ ಆಲ್ಬರ್ಟ್ ಲಾರ್ಡ್ 1960ರ ತಮ್ಮ ಗ್ರಂಥದಲ್ಲಿ, ಮೌಖಿಕ ಪರಂಪರೆಯಲ್ಲಿ ಪ್ರತಿ ಹಾಡುಗಾರಿಕೆಯೂ ಒಂದು ರಚನೆಯೇ ಎಂದು ತೋರಿಸಿದರು. ಕಾಗದದ ಮೇಲೂ ಬದುಕುವ ನಮ್ಮ ತತ್ವಪದ ಅದಕ್ಕಿಂತ ಬೇರೆ. ಆದರೂ ಆ ಪಾಠ ಇಲ್ಲಿಗೆ ಸಲ್ಲುತ್ತದೆ. ಪಾಠಾಂತರವೇ ಸಹಜವಾದ ಕಡೆ, ಖೊಟ್ಟಿ ಪದವೂ ‘ಇನ್ನೊಂದು ಪಾಠ’ ಎಂಬ ಹೆಸರಿನಲ್ಲಿ ಸುಲಭವಾಗಿ ಒಳಗೆ ಬರುತ್ತದೆ. ಯಾರು ಹಾಡಿದರು, ಯಾವ ಊರಲ್ಲಿ, ಯಾವಾಗ ಎಂಬ ಮೂರು ಪ್ರಶ್ನೆಗಳಿಗೆ ಉತ್ತರವಿದ್ದರಷ್ಟೇ ಪಾಠಾಂತರಕ್ಕೂ ಕಟ್ಟುಕತೆಗೂ ಇರುವ ವ್ಯತ್ಯಾಸ ತಿಳಿದೀತು.

ಈಗಿರುವ ಕಾವಲು ಇದನ್ನು ತಡೆಯಲಾರದು. ಯುಜಿಸಿಯ 2018ರ ನಿಯಮಾವಳಿ ಕೃತಿಚೌರ್ಯಕ್ಕೆ ಮಿತಿ ಹಾಕಿದೆ. ಹೋಲಿಕೆ ಶೇ 10ರೊಳಗಿದ್ದರೆ ದಂಡವಿಲ್ಲ. ಹೋಲಿಕೆ ಹುಡುಕುವ ತಂತ್ರಾಂಶ ಕೇಳುವುದು ಒಂದೇ: ಈ ಮಾತು ಬೇರೆಲ್ಲಾದರೂ ಇದೆಯೇ? ಹೊಸೆದ ಪದ ಬೇರೆಲ್ಲೂ ಇಲ್ಲದ ಕಾರಣ ಅದಕ್ಕೆ ಸಂಪೂರ್ಣ ಶುದ್ಧವಾಗಿ ಕಾಣುತ್ತದೆ.  ಆಮೇಲೆ ಪ್ರಬಂಧ ಶೋಧಗಂಗಾ ಭಂಡಾರಕ್ಕೆ ಹೋಗುತ್ತದೆ, ಮುಂದಿನ ಸಂಶೋಧಕ ಅದನ್ನೇ ಆಕರವೆಂದು ಉಲ್ಲೇಖಿಸುತ್ತಾನೆ, ಯಂತ್ರವೂ ಅದನ್ನೇ ಓದಿ ಕಲಿಯುತ್ತದೆ. ಬಿತ್ತನೆ ತೊಗರಿಯಲ್ಲಿ ಕಲಬೆರಕೆಯಾದರೆ ರೈತನಿಗೆ ಗೊತ್ತಾಗುವುದು ಹೊಲ ತುಂಬ ಬೆಳೆದ ಮೇಲೆ. ಇಲ್ಲಿಯೂ ಹಾಗೆಯೇ ಆಗುತ್ತದೆ.

ಆಳದ ತೊಂದರೆ ಯಂತ್ರದ್ದಲ್ಲ, ನಮ್ಮ ಓದಿನದು. ಕಳೆದ ಕೆಲವು ದಶಕಗಳಲ್ಲಿ ಕನ್ನಡ ವಿಮರ್ಶೆ ಬಹಳ ಗಳಿಸಿದೆ. ನವ್ಯದವರು ಪದ್ಯದ ಒಳರಚನೆ ನೋಡಲು ಕಲಿಸಿದರು, ದಲಿತ, ಬಂಡಾಯ, ಸ್ತ್ರೀವಾದಿ ಚಿಂತನೆಗಳು ಯಾರ ದನಿ ಕೇಳಿಸುತ್ತಿಲ್ಲ ಎಂದು ಕೇಳಲು ಕಲಿಸಿದವು, ಡಿ.ಆರ್. ನಾಗರಾಜ, ರಹಮತ್ ತರೀಕೆರೆಯಂಥವರು ಶೈವ, ಸೂಫಿ, ನಾಥ ಪರಂಪರೆಗಳತ್ತ ನಮ್ಮ ಕಣ್ಣು ತಿರುಗಿಸಿದರು. ಇವೆಲ್ಲ ಬೇಕು. ಆದರೆ ಮೊದಲೇ ಸಿದ್ಧವಾದ ತೀರ್ಮಾನಕ್ಕೆ ಸಾಕ್ಷಿಯಾಗಿ ಮಾತ್ರ ಪದ ಹುಡುಕುವ ಚಾಳಿ ಬೆಳೆದರೆ ಯಂತ್ರ ಒದಗಿಸುವುದು ಅದನ್ನೇ. ಅದರ ಪದ ಸಿದ್ಧಾಂತಕ್ಕೆ ಹೇಳಿ ಮಾಡಿಸಿದಂತಿರುತ್ತದೆ. ನಿಜವಾದ ತತ್ವಪದ ಹಾಗಿರುವುದಿಲ್ಲ. ಯೋಗದ ಒಗಟು, ದಖನಿ ಉರ್ದುವಿನ ಮಾತು, ಒಂದು ನುಡಿಯಲ್ಲಿ ಜಾತಿಯ ಮೇಲೆ ಸಿಟ್ಟು, ಇನ್ನೊಂದರಲ್ಲಿ ಹೆಣ್ಣಿನ ಬಗ್ಗೆ ಇಂದು ಒಪ್ಪಲಾಗದ ಮಾತು, ಎಲ್ಲವೂ ಒಟ್ಟಿಗೆ ಬರುತ್ತವೆ. ಆ ತೊಡಕಿನ ಮುಂದೆ ಕೂತು ಹೆಣಗಾಡುವುದೇ ಸಾಹಿತ್ಯದ ಅಧ್ಯಯನ.

ಈ ಹೆಣಗಾಟದ ದೊಡ್ಡ ಉದಾಹರಣೆ ನಮ್ಮ ಕಲಬುರಗಿ ಜಿಲ್ಲೆಯದೇ. ಒಂಬತ್ತನೆಯ ಶತಮಾನದಲ್ಲಿ ಕವಿರಾಜಮಾರ್ಗ ಹುಟ್ಟಿದ್ದು ರಾಷ್ಟ್ರಕೂಟರ ಮಾನ್ಯಖೇಟದ ಆಸ್ಥಾನದಲ್ಲಿ, ಇಂದಿನ ಸೇಡಂ ತಾಲ್ಲೂಕಿನ ಮಳಖೇಡದಲ್ಲಿ. ಕನ್ನಡದಲ್ಲಿ ನಮಗೆ ದೊರೆತಿರುವ ಮೊದಲ ಗ್ರಂಥವೇ ಕಾವ್ಯವನ್ನು ಹೇಗೆ ನೋಡಬೇಕೆಂದು ಹೇಳುವ ಗ್ರಂಥ. 1898ರಲ್ಲಿ ಕೆ.ಬಿ. ಪಾಠಕರು ಅದನ್ನು ಪ್ರಕಟಿಸಿದಾಗ ಅದರ ಕರ್ತೃ ನೃಪತುಂಗನೆಂದೇ ತಿಳಿಯಲಾಗಿತ್ತು. ಮುಂದಿನ ವಿದ್ವಾಂಸರು ಪರಿಚ್ಛೇದಗಳ ಕೊನೆಯ ಭಾಗವನ್ನು ಮತ್ತೆ ಮತ್ತೆ ಓದಿದರು. ಅಲ್ಲಿ ನೃಪತುಂಗನ ಒಪ್ಪಿಗೆಯ ಮಾತಿದೆ. ಒಪ್ಪಿದವನು ಬೇರೆ, ಬರೆದವನು ಬೇರೆ ಎಂಬ ವಾದ ಬಲಗೊಂಡು ಶ್ರೀವಿಜಯನ ಹೆಸರು ಮುಂದೆ ಬಂದಿತು. ಕೆಲವೇ ಅಕ್ಷರಗಳ ಮೇಲೆ ಕಣ್ಣಿಟ್ಟು ಕೂತದ್ದರಿಂದ ಕನ್ನಡ ಸಾಹಿತ್ಯ ಚರಿತ್ರೆಯ ಮೊದಲ ಪುಟವೇ ಬದಲಾಯಿತು. ಅಂಥ ಶಿಸ್ತನ್ನು ಡಿ.ಎಲ್. ನರಸಿಂಹಾಚಾರ್ಯರು ‘ಕನ್ನಡ ಗ್ರಂಥಸಂಪಾದನೆ’ಯಲ್ಲಿ ಶಾಸ್ತ್ರವಾಗಿ ಬರೆದಿಟ್ಟರು. ಇಂದು ಒಂದು ಓಲೆಗರಿಯನ್ನಾಗಲಿ, ಒಂದು ಭಜನಿ ಪುಸ್ತಕವನ್ನಾಗಲಿ ಕೈಯಿಂದ ಮುಟ್ಟದೆಯೇ ಕನ್ನಡ ಎಂ.ಎ. ಮುಗಿಸಬಹುದು. ಈ ಸ್ಥಿತಿ ಮುಂದುವರಿದರೆ ಖೊಟ್ಟಿಯನ್ನು ಗುರುತಿಸುವವರೇ ಉಳಿಯುವುದಿಲ್ಲ.

ಯಂತ್ರವನ್ನು ನಿಷೇಧಿಸಿ ಎಂದು ನಾವು ಕೇಳುತ್ತಿಲ್ಲ. ಪದಾಕಾರಾದಿ ಮಾಡಲು, ಅಚ್ಚಾದ ಪುಟವನ್ನು ಹುಡುಕಬಲ್ಲ ಪಠ್ಯವಾಗಿಸಲು, ಧ್ವನಿಮುದ್ರಣದ ಮೊದಲ ಕರಡು ಇಳಿಸಲು ಅದು ನೆರವಾಗಲಿ. ಆದರೆ ಆಕರ ಒದಗಿಸುವ ಕೆಲಸವನ್ನು ಅದಕ್ಕೆ ಬಿಟ್ಟುಕೊಡಬಾರದು.

ಮಾಡಬೇಕಾದದ್ದು ಕಷ್ಟದ್ದಲ್ಲ. ಕಡಗಂಚಿಯ ವಿಶ್ವವಿದ್ಯಾಲಯವೂ 1980ರಿಂದ ಇರುವ ಗುಲಬರ್ಗಾ ವಿಶ್ವವಿದ್ಯಾಲಯವೂ ಕೂಡಿ ಮುಂದಿನ ಶೈಕ್ಷಣಿಕ ವರ್ಷದಿಂದಲೇ ಇದನ್ನು ಆರಂಭಿಸಬಹುದು. ಮೌಖಿಕ ಆಕರ ಬಳಸುವ ಪ್ರತಿ ಪ್ರಬಂಧಕ್ಕೂ ಒಂದು ಆಕರ ಪಟ್ಟಿ ಕಡ್ಡಾಯವಾಗಲಿ: ಹಾಡಿದವರು, ಊರು, ದಿನಾಂಕ, ಅವರ ಒಪ್ಪಿಗೆ, ಧ್ವನಿಮುದ್ರಣದ ಪ್ರತಿ. ಮುದ್ರಿತ ಕೃತಿಯಾದರೆ ಆವೃತ್ತಿ ಮತ್ತು ಪುಟ. ಮೌಖಿಕ ಪರೀಕ್ಷೆಗೆ ಮುನ್ನ ಪರೀಕ್ಷಕರು ಹತ್ತು ಉದ್ಧರಣೆಗಳನ್ನು ತಾವೇ ಆರಿಸಿ ಮೂಲದೊಡನೆ ಹೋಲಿಸಲಿ. ಒಂದೇ ಒಂದು ಮೂಲ ಸಿಗದಿದ್ದರೂ ಪ್ರಬಂಧ ವಾಪಸ್ ಹೋಗಲಿ. ಯುಜಿಸಿ ನಿಯಮದಂತೆ ಒಬ್ಬ ಪ್ರಾಧ್ಯಾಪಕರು 8 ಸಂಶೋಧಕರಿಗೆ ಮಾರ್ಗದರ್ಶನ ಮಾಡಬಹುದು. ಆ ಎಂಟೂ ಮಂದಿಯ ಆಕರ ನೋಡಲು ಬಿಡುವಿಲ್ಲದವರು ಕಡಿಮೆ ಮಂದಿಯನ್ನು ತೆಗೆದುಕೊಳ್ಳಲಿ. ಎಂ.ಎ. ವಿದ್ಯಾರ್ಥಿ ಒಂದು ಭಜನಿ ಪುಸ್ತಕವನ್ನು ಲಿಪ್ಯಂತರಿಸಿ, ಅದರ ಒಂದು ಪದವನ್ನು ಎರಡು ಊರುಗಳಲ್ಲಿ ಕೇಳಿ, ಪಾಠಾಂತರಗಳನ್ನು ದಾಖಲಿಸಲಿ. ಇದು ಒಂದು ಪತ್ರಿಕೆಯಷ್ಟು ಅಂಕಕ್ಕೆ ಅರ್ಹವಾದ ಕೆಲಸ.

ಎಲ್ಲಕ್ಕಿಂತ ತುರ್ತಿನದು ಧ್ವನಿ ಭಂಡಾರ. ನೂರಾರು ಪದಗಳನ್ನು ಕಂಠಸ್ಥ ಮಾಡಿಕೊಂಡಿರುವ ಹಿರಿಯರು ಆಳಂದ, ಅಫಜಲಪುರ, ಜೇವರ್ಗಿ ಸೀಮೆಯ ಹಳ್ಳಿಗಳಲ್ಲಿ ಇನ್ನೂ ಹಾಡುತ್ತಿದ್ದಾರೆ. ಒಂದು ಪದ ನಿಜವಾಗಿ ಪರಂಪರೆಯದೇ ಎಂದು ಕೇಳಿದರೆ ಉತ್ತರ ಕೊಡಬಲ್ಲವರು ಅವರೇ. ಅವರನ್ನು ‘ಮಾಹಿತಿದಾರರು’ ಎಂದು ಅಡಿಟಿಪ್ಪಣಿಗೆ ತಳ್ಳುವುದನ್ನು ಬಿಟ್ಟು, ಗೌರವಧನ ಕೊಟ್ಟು, ವಿಭಾಗಕ್ಕೆ ಕರೆದು, ಪಾಠದ ಪರೀಕ್ಷಕರಾಗಿ ಕೂರಿಸಬೇಕು. ಅವರ ತಲೆಮಾರು ಇರುವಾಗಲೇ ಈ ಕೆಲಸ ಆದರೆ ಮುಂದೆ ಯಾವ ಯಂತ್ರ ಏನನ್ನೇ ಹೊಸೆದರೂ ಒರೆಗೆ ಹಚ್ಚಿ ನೋಡಲು ನಮ್ಮಲ್ಲಿ ಒಂದು ಅಳತೆ ಇರುತ್ತದೆ. ತಡ ಮಾಡಿದರೆ ಮಡಿವಾಳಪ್ಪನವರ ಪದ ಯಾವುದು, ಅವರ ಹೆಸರಿನಲ್ಲಿ ತಯಾರಾದದ್ದು ಯಾವುದು ಎಂದು ಕಡಕೋಳದ ನೆರೆಯಲ್ಲೇ ಹೇಳುವವರು ಸಿಗುವುದಿಲ್ಲ. ಆ ತಪ್ಪಿಗೆ ಯಂತ್ರವನ್ನು ದೂರಿ ಪ್ರಯೋಜನವಿಲ್ಲ. ಸಮಯವಿದ್ದಾಗ ಕೇಳದೆ ಉಳಿದ ವಿಭಾಗಗಳೇ ಅದಕ್ಕೆ ಹೊಣೆ.